ವಾಯಿದೆ

ಮಂಡಿಪೇಟೆಯ ಮಹಡಿ ಮೆಟ್ಟಿಲು ಹತ್ತಿ
ಏದುಸಿರಲ್ಲೇ ಕೂತರು ಹಲೀಮಾಬಿ,
ಸೆರಗಿನಂಚಲ್ಲಿ ಮಂಡಕ್ಕಿ ಭಟ್ಟಿಯ ಮಸಿ.
'ನಮ್ಮ ಓಣಿ ಜಬೀನಾಗೆ ಅದೇ ಜಿದ್ದಾ ವಿಮಾನ
ಮೂರು ಸಾವಿರ ಕಮ್ಮಿಗೆ ಸಿಕ್ಕೈತಂತಲ್ಲೋ?'

ಹೌದು, ನಿನ್ನೆ ರಾತ್ರಿ ಇಳಿದಿದೆ ದರ.
ಹತ್ತಿಯೋ ಮೆಕ್ಕೆಜೋಳವೋ ಆಗಿದ್ದರೆ
ತೂಕವಾದ ಮೇಲೆ ಮಾತಿಲ್ಲ.
ಇದನ್ನು ಬಿಚ್ಚಿ ಮತ್ತೆ ಹೊಲಿಯಬಹುದು, ಅಂದೆ,
ಅದೇ ಬುಧವಾರ, ಅದೇ ಕಿಟಕಿ.

ಫೋನು ಮುಕ್ಕಾಲು ಗಂಟೆ ಒಂದೇ ರಾಗ ಎಳೆಯಿತು.
ಅವರು ಡಬ್ಬಿ ಬಿಚ್ಚಿ ಒಗ್ಗರಣೆ ಮಂಡಕ್ಕಿ
ನನ್ನ ಕೀಬೋರ್ಡಿನ ಪಕ್ಕ ಸುರಿದರು.
ಸ್ಪೇಸ್ ಒತ್ತಿದರೆ
ಇವತ್ತಿಗೂ ಕರಕರ.

ಕೊನೆಗೆ, ಶುಲ್ಕ ಕಳೆದು, ಸಾವಿರದ ನಾನೂರ ಹತ್ತು.
ಕೈಗೆ ಬರೋ ದುಡ್ಡಲ್ಲಮ್ಮ, ಅವರಲ್ಲೇ ಜಮಾ,
ನಿಮ್ಮ ಹೆಸರಿಗಷ್ಟೆ. ಬರೋ ವರ್ಷ ರಜಬ್ ತಿಂಗಳೊಳಗೆ
ನೀವೇ ಇನ್ನೊಮ್ಮೆ ಹಾರಿ ತೀರಿಸಬೇಕು.

ಎಪ್ಪತ್ತಾರರ ಬಾಯಿ ಸೆರಗಲ್ಲಿ ನಕ್ಕಿತು:
'ಡಾಕ್ಟರು ಮೆಟ್ಟಿಲೇ ಹತ್ತಬ್ಯಾಡ ಅಂದಾನೆ.
ಕಂಪನಿಯೋರಿಗೆ ನನ್ಮ್ಯಾಲೆ ಇಷ್ಟು ನಂಬಿಕೇನಾ!'

ಚೀಟಿ ಮಡಿಸಿ ಪಾಸ್‌ಪೋರ್ಟಿನ ಫೋಟೋ ಮೇಲಿಟ್ಟು
ರಬ್ಬರ್ ಬ್ಯಾಂಡ್, ಎರಡು ಸುತ್ತು.
ಇಳಿದರು, ಗೋಡೆ ಹಿಡಿದು, ಜೋಪಾನವಾಗಿ,
ಬಂದಾಗ ಹಿಡಿದಿರಲಿಲ್ಲ.