ತಿನ್ನದ ಗೆಡ್ಡೆ

ಬಿ.ಎಂ. ರಸ್ತೆಯ ಅದೇ ಮೂರು ಮೆಟ್ಟಿಲು
ಹತ್ತುತ್ತಿದ್ದೇನೆ, ಹೆಗಲಿಗೆ ನಾಲ್ಕನೇ ಕಂಪನಿಯ ಚೀಲ.
ಮೊದಲು ಪೇಂಟು. ಆಮೇಲೆ ಪಂಪ್‌ಸೆಟ್ಟು.
ನಡುವೆ ಎರಡು ವರ್ಷ ಆಸ್ಪತ್ರೆಗಳಿಗೆ ಗ್ಲೌಸು, ಸಿರಿಂಜು
(ಆಗ ಅರಸೀಕೆರೆಯ ಅತ್ತೆ ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದಳು).
ಈಗ ಶೀತಲಗೃಹದ ಕಂಪ್ರೆಸರು.

ಹೆಸರಿನ ಕೆಳಗಿನ ಸಾಲು ಮಾತ್ರ ಬದಲಾಗಿಲ್ಲ:
ಅಕೌಂಟ್ ಮ್ಯಾನೇಜರ್.
ಬ್ಯಾಂಕಿನಲ್ಲಾ? ಅಂತಾರೆ ಬಸ್ಸಿನಲ್ಲಿ.
ಹೌದು ಅಂದುಬಿಡುತ್ತೇನೆ,
ಹೊಳೆನರಸೀಪುರ ಅಷ್ಟೇನೂ ದೂರವಿಲ್ಲ.

ಧರಣೇಂದ್ರಯ್ಯ ಕಾರ್ಡು ಓದಲಿಲ್ಲ,
ಹಳೆಯ ಮೂರರ ಪಕ್ಕ ಗಾಜಿನಡಿ ತೂರಿಸಿದರು.
"ಈ ಸಲ ಏನು ತಂದೆಯಪ್ಪ?"
ಐದೂವರೆ. ಹೊತ್ತು ಮುಳುಗುವುದರೊಳಗೆ ಅವರ ಊಟ,
ಅಷ್ಟರೊಳಗೆ ನನ್ನ ಮಾತು.

ಕರೆಂಟಿನ ಉಳಿತಾಯ, ವಾರಂಟಿ, ಸರ್ವಿಸು...
ಪೇಂಟು ಎದ್ದುಹೋದ ವಾಕ್ಯದಲ್ಲೇ
ಕಂಪ್ರೆಸರು ಬಂದು ಕೂತಿದೆ.
ನನಗೇ ಕೇಳಿಸಿ, ನಿಲ್ಲಿಸಿದೆ:
"ಸಾರ್, ಇದು ಓಡುವುದನ್ನು ನಾನಿನ್ನೂ ನೋಡಿಲ್ಲ."

ಅವರು ಹಿಂದೆ ತಿರುಗಿದರು.
ಸೂರಿನವರೆಗೆ ಬಿತ್ತನೆ ಆಲೂಗಡ್ಡೆಯ ಮೂಟೆ,
ಜಲಂಧರದ ಮಣ್ಣು ಅಂಟಿಕೊಂಡೇ ಬಂದದ್ದು.
"ನಮ್ಮನೇಲಿ ಗೆಡ್ಡೆ ತಿನ್ನೋದಿಲ್ಲ.
ಮೂವತ್ತೊಂದು ವರ್ಷದಿಂದ ಇದನ್ನೇ ಮಾರ್ತಿದ್ದೀನಿ.
ಕೊಳೆತದ್ದು ಯಾವುದು ಅಂತ ಮೂಗಿಗೆ ಗೊತ್ತು,
ನಾಲಿಗೆ ಯಾಕೆ?"
ಒಂದನ್ನೆತ್ತಿ ಅಂಗೈಗಿಟ್ಟರು.

ಆರ್ಡರು ಕೊಡಲಿಲ್ಲ.
"ಓಡೋದು ನೋಡ್ಕೊಂಡು ಬಾ.
ಸದ್ದು ಹೇಗಿದೆ ಅಂತ ಹೇಳು, ರೇಟು ಆಮೇಲೆ."
ಬಾಗಿಲು ಅರ್ಧ ಎಳೆದು ಊಟಕ್ಕೆ ಹೋದರು.

ಡೈರಿಯಲ್ಲಿ ಬರೆಯಬೇಕು: ಭೇಟಿ, ಫಲಿತಾಂಶ, ಮುಂದಿನ ಹೆಜ್ಜೆ.
ಫಲಿತಾಂಶದ ಖಾನೆ ಬಿಟ್ಟು
ಬೆರಳು ಮೂಸಿದೆ.
ಏನೂ ಗೊತ್ತಾಗಲಿಲ್ಲ. ಮತ್ತೊಮ್ಮೆ ಮೂಸಿದೆ.