ಹಿಂದಿನ ಸೀಟು

ಇಲ್ಲಿಯವರ ಬಾಯಲ್ಲಿ ನನ್ನ ಹೆಸರು ಶಾತಿ.
ವೀರಶೆಟ್ಟಿ ಎಂಬುದನ್ನು ಅರ್ಧಕ್ಕೆ ಕತ್ತರಿಸಿ
ಉಳಿದದ್ದನ್ನು ತಮ್ಮ ಮಾತಿಗೆ ಒಗ್ಗಿಸಿಕೊಂಡಿದ್ದಾರೆ.
ಶಾತಿ ಅಂದರೆ ಕಡಲ ದಂಡೆ.
ಬೀದರಿನವನು ನಾನು. ಮೂವತ್ತು ತುಂಬುವ ತನಕ
ಕಡಲೆಂದರೆ ಶಾಲೆಯ ಭೂಪಟದ ಮಾಸಿದ ನೀಲಿ.

ದುಖಾನ್ ಅಂದರೆ ಹೊಗೆ.
ಹೊಗೆಯೂರಿನ ಆಚೆ, ಉಪ್ಪು ಹೆಪ್ಪುಗಟ್ಟಿದ ಬಯಲಲ್ಲಿ
ಒಂದು ರನ್‌ವೇ, ಆರು ವಿಮಾನ.
ಉದ್ದ ಮೂಗು, ಮೂಗಿನ ತುದಿಗೆ ಐದು ಬ್ಲೇಡು,
ಎರಡು ಸೀಟು, ಒಂದರ ಹಿಂದೊಂದು.
ಮುಂದೆ ಕಲಿಯುವವನು, ಹಿಂದೆ ಕಲಿಸುವವನು.
ನಾಳೆ ಜೆಟ್ಟು ಹಾರಿಸುವ ಹುಡುಗರು
ಮೊದಲು ಇದರ ಹತ್ತಿರ ಬೈಸಿಕೊಳ್ಳಬೇಕು.

ಬೆಳಗಿನ ನಾಲ್ಕಕ್ಕೆ ನನ್ನದು ಉಗುರಿನ ಕೆಲಸ.
ಒಂದೊಂದು ಬ್ಲೇಡಿನ ಅಂಚಿನ ಮೇಲೂ
ಹೆಬ್ಬೆರಳ ಉಗುರು ಎಳೆಯುತ್ತ ಹೋಗುವುದು.
ಟಾರ್ಚು ಸುಳ್ಳು ಹೇಳುತ್ತದೆ, ಉಗುರು ಹೇಳುವುದಿಲ್ಲ.
ಅಪ್ಪ ಬಿದರಿ ಹೂಜಿಯ ಮೇಲೆ ಹೀಗೇ ಎಳೆಯುತ್ತಿದ್ದ,
ಬೆಳ್ಳಿ ತಂತಿ ಕೂತಿತೋ ಇಲ್ಲವೋ ಎಂದು.
ಅವನಿಗೆ ಗೀರು ಬೇಕಿತ್ತು. ನನಗೆ ಬೇಡ.

ಗಾನಿಮ್ ಮೊದಲ ಬಾರಿ ಒಬ್ಬನೇ ಹಾರಬೇಕಿದ್ದ ದಿನವೇ
ಸಿಕ್ಕಿತು: ಮೂರನೇ ಬ್ಲೇಡು, ತುದಿಯಿಂದ ಗೇಣು ಒಳಗೆ,
ಜೋಳದ ಕಾಳಿನ ಮೂತಿಯಷ್ಟು.
'ಇವತ್ತು ಇಲ್ಲ' ಎಂದೆ.
ಹೆಲ್ಮೆಟ್ಟು ಕಂಕುಳಲ್ಲಿಟ್ಟು ನಿಂತಿದ್ದ ಹುಡುಗ
ಅರಬ್ಬಿಯಲ್ಲಿ ಏನೋ ಅಂದ. ಬೈಗುಳವೇ ಇರಬೇಕು.
ಆದರೆ ಅವನ ಹೆಗಲು, ನಾನು ನೋಡಿದೆ,
ಮೂಟೆ ಇಳಿಸಿದ ಹಮಾಲನದರಂತೆ ಸಡಿಲಾಯಿತು.

ಆಮೇಲೆ ಮೂರು ದಿನ ಶಮಾಲ್ ಗಾಳಿ.
ಹ್ಯಾಂಗರಿನ ಬಾಗಿಲು ಹಲ್ಲು ಕಡಿಯಿತು.
ಚಹಾದಲ್ಲಿ ಮರಳು, ಕಿವಿಯಲ್ಲಿ ಮರಳು,
ಮನೆಯಿಂದ ಬಂದ ಫೋನಿನ ಮಾತಲ್ಲೂ ಮರಳು.

ನಾಲ್ಕನೆಯ ದಿನ ಗಾಳಿ ಬಿತ್ತು.
ಹಿಂದಿನ ಸೀಟು ಖಾಲಿ ಹೋಗುವಾಗ
ಅದನ್ನು ಹಾಗೇ ಬಿಡುವಂತಿಲ್ಲ.
ಸಡಿಲ ಪಟ್ಟಿಯೊಂದು ತೇಲಿ ಬಂದು ಕೋಲಿಗೆ ಸುತ್ತಿಕೊಂಡರೆ
ಮುಂದಿರುವವನ ಕೈ ಕಟ್ಟಿದ ಹಾಗೆ.
ಹೆಗಲಪಟ್ಟಿ, ಸೊಂಟಪಟ್ಟಿ, ತೊಡೆಯ ಪಟ್ಟಿ
ಎಲ್ಲ ಒಂದರೊಳಗೊಂದು ಸೇರಿಸಿ ಬಿಗಿದೆ,
ಇಲ್ಲದ ಮನುಷ್ಯನ ಎದೆಯ ಅಳತೆಗೆ.
ಸೀಟು ಸಿಡಿಯದಂತೆ ತಡೆಯುವ ಪಿನ್ನು ಅಲ್ಲೇ ಉಳಿಸಿದೆ.
ಇಲ್ಲದವನಿಗೆ ಪಾರಾಗುವ ಗರಜಿಲ್ಲ.

ಮೇಷ್ಟ್ರು ನೆಲದ ಮೇಲೆ ನಿಂತಿದ್ದರು,
ಇಷ್ಟು ತಿಂಗಳು ಬೆನ್ನ ಹಿಂದಿನಿಂದ ಗದರಿದವರು,
ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ.
ಟರ್ಬೈನು ಮೊದಲು ಸಿಳ್ಳೆ ಹಾಕಿತು, ಆಮೇಲೆ ಕೂಗಿತು.
ಬ್ಲೇಡುಗಳು ಕರಗಿ ಬರೀ ಒಂದು ಹೊಳಪಾದವು.
ಹೋದ.

ಮೊದಲ ಸಲ ಇಳಿಯಲು ಬಂದವನು ಇಳಿಯಲಿಲ್ಲ.
ಚಕ್ರಕ್ಕೂ ನೆಲಕ್ಕೂ ಮಾರು ದೂರ ಇರುವಾಗ
ಮನಸ್ಸು ಬದಲಿಸಿ ಎದ್ದು ಹೋದ.
ಮೇಷ್ಟ್ರು ರೇಡಿಯೋ ಬಾಯಿಯ ತನಕ ತಂದು
ಗುಂಡಿ ಒತ್ತದೆ ಕೆಳಗಿಳಿಸಿದರು.
ಕಡಲ ಮೇಲೆ ತಿರುಗಿ ಎರಡನೇ ಸಲ ಬಂದ.
ಟೈರಿನಿಂದ ಒಂದು ಚಿಟಿಕೆ ಹೊಗೆ. ಅಷ್ಟೇ.

ಗೆಳೆಯರು ಬಕೆಟ್ಟುಗಟ್ಟಲೆ ನೀರು ಸುರಿದರು.
ನೆಂದ ಬೂಟಿನಲ್ಲಿ ಪಚಪಚ ಎನ್ನುತ್ತ ಬಂದು
ನನ್ನೆದುರು ನಿಂತ:
'ಶಾತಿ, ಮೇಲೆ ಹೋದ ಮೇಲೆ ಕನ್ನಡಿಯಲ್ಲಿ ನೋಡಿದೆ.
ಯಾರೂ ಇರಲಿಲ್ಲ. ನೀನು ಕಟ್ಟಿದ್ದು ಮಾತ್ರ ಇತ್ತು.'
ದೂರೋ, ಉಪಕಾರ ಸ್ಮರಣೆಯೋ, ತಿಳಿಯಲಿಲ್ಲ.
ಹಸಿವಾಗಿದೆ ಎಂದು ಹೋದ.

ಏಣಿ ಹತ್ತಿ ಪಟ್ಟಿ ಬಿಚ್ಚಿದೆ.
ಬಕ್ಕಲ್ಲು ಬೆಚ್ಚಗಿತ್ತು, ಬಿಸಿಲಿಗೆ.
ಲಾಗ್ ಪುಸ್ತಕದಲ್ಲಿ ಬರೆದೆ: ಮೂವತ್ತೆಂಟು ನಿಮಿಷ,
ಇಳಿದದ್ದು ಒಂದು, ದೋಷ ಇಲ್ಲ.
ಸಂಜೆ ಎಂಜಿನ್ನಿಗೆ ಸಿಹಿನೀರು ಹಾಯಿಸಿ ತೊಳೆದೆ.
ಹೊರಗಿಳಿದ ನೀರಿಗೆ ಬೆರಳು ಒಡ್ಡಿ
ನಾಲಗೆಗೆ ಮುಟ್ಟಿಸಿಕೊಂಡೆ.
ಇನ್ನೂ ಉಪ್ಪು.
ಮತ್ತೊಂದು ಕ್ಯಾನು ತರಲು ಹೋದೆ.