ಮೊದಲ ಟ್ರಿಪ್ಪು

ನೈಟ್ ಹಾಲ್ಟಿನ ಬಸ್ಸಲ್ಲಿ ನನ್ನ ಹಾಸಿಗೆ
ಮೂರು ಜನರ ಸೀಟು, ಎಡಗಡೆ, ನಾಲ್ಕನೇ ಸಾಲು.
ಮೊಣಕಾಲು ಮಡಚಿದರೆ ಸರಿಹೋಗುತ್ತೆ.
ಡ್ರೈವರ್ ಚನ್ನಬಸಪ್ಪನವರು ಮುಂದೆ, ಬಾನೆಟ್ ಪಕ್ಕ,
ಸ್ಟೇರಿಂಗಿಗೆ ಸೊಳ್ಳೆಪರದೆ ಕಟ್ಟಿಕೊಂಡು.
ಐದೂವರೆಗೆ ಎದ್ದು ಕಂಬಳಿ ಸುತ್ತಿ ಮೇಲಕ್ಕೆ ಎಸೆದರೆ
ಸೀಟು ಇನ್ನೂ ಬೆಚ್ಚಗೆ.
ಅದು ಗೊತ್ತಿರುವುದು ಜೀವಿತಾಗೆ ಮಾತ್ರ.
ಐದೂ ಐವತ್ತಕ್ಕೇ ಹತ್ತಿ, ಕಿಟಕಿಗೆ ತಲೆ ಕೊಟ್ಟು
ನಾನು ಬಿಟ್ಟ ನಿದ್ದೆ ಎತ್ತಿಕೊಳ್ಳುತ್ತಾಳೆ,
ಯಾರೋ ಮರೆತುಹೋದ ಪೇಪರು ಎತ್ತಿಕೊಂಡ ಹಾಗೆ.

ಆರಕ್ಕೆ ರೈಟ್.
ಕೊಪ್ಪಲು ಗೇಟಲ್ಲಿ ಇಬ್ಬರು, ಡೇರಿ ಹತ್ತಿರ ಐವರು.
ಕಣಕಟ್ಟೆಯಲ್ಲಿ ಎಣಿಸೋದು ಬಿಡುತ್ತೇನೆ.
ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟು, ಗಂಡುಮಕ್ಕಳಿಗೆ ಪಾಸು.
ಪಾಸು ಅಂದರೆ ಕಣ್ಣು ಬಿಡದೆ ಜೇಬಿಗೆ ಕೈ ಹಾಕುತ್ತಾನೆ ಲಿಖಿತ್;
ಒಂದು ದಿನ ಟೂತ್‌ಬ್ರಷ್ ತೆಗೆದು ತೋರಿಸಿದ.
ಬಸ್ಸಿಗೆ ಬಸ್ಸೇ ನಕ್ಕಿತು.
ಅವನು ನಗಲಿಲ್ಲ, ಅವನಿನ್ನೂ ಎದ್ದಿರಲಿಲ್ಲ.

ನಿಂತು ನಿದ್ದೆ ಮಾಡೋದು ಕುದುರೆ ಒಂದೇ ಅಂದುಕೊಂಡಿದ್ದೆ,
ಒಂಬತ್ತನೇ ಕ್ಲಾಸಿನ ತೌಸೀಫನ ನೋಡುವವರೆಗೆ.
ತಿರುವು ಬಂದರೆ ಕಂಬಿಯ ಮೇಲೆ ಬೆರಳು ಬಿಗಿ,
ತಿರುವು ಕಳೆದರೆ ಸಡಿಲ.
ಕೈಯೊಂದನ್ನು ಡ್ಯೂಟಿಗೆ ಬಿಟ್ಟು
ಮಿಕ್ಕ ಹುಡುಗ ಮಲಗಿದ್ದಾನೆ.

"ರಾತ್ರಿಯೆಲ್ಲಾ ಮೊಬೈಲು, ಬೆಳಗಾದ್ರೆ ಜೋಂಪು"
ಸೊಪ್ಪಿನ ಮೂಟೆಯ ಸಣ್ಣಮ್ಮಜ್ಜಿ ದಿನಾ ಅನ್ನುತ್ತೆ.
ನಾನೂ ಅಂದಿದ್ದೇನೆ, ಇನ್ನೂ ಜೋರಾಗಿ.
ಆಮೇಲೆ ಒಂದು ವಾರದ ರಜೆಯಲ್ಲಿ, ಹಾಸನದ ಮನೆಯಲ್ಲಿ,
ಹದಿನೈದು ದಾಟಿದ ನನ್ನ ಮಗ
ಫೋನು ಅವರಮ್ಮನ ಕೈಗೆ ಕೊಟ್ಟು, ದೀಪ ಆರಿಸಿ,
ಹನ್ನೊಂದೂವರೆಗೂ ಸೂರು ನೋಡುತ್ತಿದ್ದ.
"ಬಾ ಅಂದ್ರೆ ಬರಲ್ಲ ಅಪ್ಪ ಅದು."
"ಅದೂ ಬಸ್ಸೇ ಕಣೋ" ಅಂದೆ,
"ಅದರ ಟೈಮಿಗೇ ಬರೋದು."
"ಹಂಗಾದ್ರೆ ಇಷ್ಟು ಬೇಗ ಯಾಕೆ ಇಳಿಸ್ತೀರಿ?"
ಇಪ್ಪತ್ತೆರಡು ವರ್ಷ ಸರ್ವೀಸಲ್ಲಿ
ಚಿಲ್ಲರೆ ಇಲ್ಲದೆ ನಿಂತಿದ್ದು ಅವತ್ತೇ.

ಹೈಸ್ಕೂಲಿಗೆ ಹೊಸ ಹೆಡ್‌ಮೇಡಂ ಬಂದರು, ಸುಗುಣಾದೇವಿ ಅಂತ.
ಏಳೂವರೆಯ ಸ್ಪೆಷಲ್ ಕ್ಲಾಸು ತೆಗೆದುಹಾಕಿದರು.
ಇನ್ನು ಮೊದಲ ಗಂಟೆ ಒಂಬತ್ತೂಮುಕ್ಕಾಲಿಗೆ,
ಮಕ್ಕಳು ಮಲಗಲಿ ಅಂತ ಮೀಟಿಂಗಲ್ಲಿ ನೇರ ಅಂದರಂತೆ.
ಜೀವಿತಾ ಹೇಳಿದಳು, ಕಣ್ಣು ಪೂರಾ ಬಿಟ್ಟು.
ಅವಳದ್ದು ಜೇನಿನ ಬಣ್ಣದ ಕಣ್ಣು ಅಂತ
ಮೂರು ವರ್ಷಕ್ಕೆ ಗೊತ್ತಾಯಿತು.

ಆದರೆ ಶೆಡ್ಯೂಲ್ ನಲವತ್ತೊಂದಕ್ಕೆ ಹೇಳುವವರು ಯಾರು?
ಆರು ಗಂಟೆಯದು ಬಿಟ್ಟರೆ ಮುಂದಿನದು ಹತ್ತೂಕಾಲು.
ಅರ್ಜಿ ಕೊಟ್ಟರು, ಡಿಪೋದಲ್ಲಿ ಸೀಲು ಹಾಕಿ ತೆಗೆದುಕೊಂಡರು.
ಸೀಲು ಚೆನ್ನಾಗಿ ಬಿದ್ದಿತ್ತು.
ಅಷ್ಟೇ.

ಈಗಲೂ ಆರಕ್ಕೆ ರೈಟ್.
ಏಳೂಹತ್ತಕ್ಕೆ ಅರಸೀಕೆರೆ ಸ್ಟ್ಯಾಂಡು.
ಶಾಲೆಯ ಗೇಟಿಗೆ ಬೀಗ.
ವಾಪಸು ಟ್ರಿಪ್ಪಲ್ಲಿ ಆ ದಾರಿ ಹಾಯುವಾಗ ನೋಡುತ್ತೇನೆ:
ಕಾಂಪೌಂಡಿನ ಹೊರಗೆ ಮೋರಿ ಚಪ್ಪಡಿ ಮೇಲೆ ಸಾಲಾಗಿ
ಬ್ಯಾಗು ತಲೆಗಿಟ್ಟು, ಸ್ವೆಟರ್ ಮುಖಕ್ಕೆಳೆದು
ಇಪ್ಪತ್ತು ಮೂವತ್ತು ಮಕ್ಕಳು.
ಕೆಳಗಿಳಿಸಿದ ಲಗೇಜಿನ ಹಾಗೆ,
ಯಾರೂ ಬಿಡಿಸಿಕೊಳ್ಳಲು ಬಾರದ ಲಗೇಜು.
ದೂರದಲ್ಲಿ ಜಂಕ್ಷನ್ನಿನ ಗೂಡ್ಸು ಕೂಗಿದರೆ
ಒಂದು ಪಾದ ಅಲುಗುತ್ತೆ.

ಚನ್ನಬಸಪ್ಪನವರು ಈಚೆಗೆ ಸ್ಟ್ಯಾಂಡಲ್ಲಿ
ಟೀ ಆರಿಸಿ ಆರಿಸಿ ಕುಡಿಯುತ್ತಾರೆ.
"ನಾಲಿಗೆ ಸುಟ್ಟಿದೆ" ಅನ್ನುತ್ತಾರೆ.
ಕಂಟ್ರೋಲರ್ ಸೀಟಿ ಊದುವವರೆಗೆ ಬಾಗಿಲು ತೆರೆಯುವುದಿಲ್ಲ.
ಹನ್ನೆರಡು ನಿಮಿಷ, ಒಂದೊಂದು ದಿನ ಹದಿನಾಲ್ಕು.
ಅಷ್ಟರಲ್ಲಿ ನಾನು ಮೆಲ್ಲಗೆ ಮಗನಿಗೆ ಫೋನು ಮಾಡುತ್ತೇನೆ.
ಊರ ಮಕ್ಕಳ ಮೇಲೆ ಏರದ ದನಿ
ಅವನ ಮೇಲೂ ಏರುವುದಿಲ್ಲ ಈಗ.
"ಐದು ನಿಮಿಷ" ಅನ್ನುತ್ತಾನೆ.
ಕೊಡುತ್ತೇನೆ, ನನ್ನದೇನೋ ಅನ್ನುವ ಹಾಗೆ.

ರಾತ್ರಿ ಮತ್ತೆ ನಾಲ್ಕನೇ ಸಾಲು.
ಟಾರ್ಚು ಹಾಕಿದರೆ ಕಿಟಕಿ ಗಾಜಿನ ಮೇಲೆ
ತಲೆ ತಾಗುವಲ್ಲಿ, ಕೊಬ್ಬರಿ ಎಣ್ಣೆಯ ಒಂದು ಗುಂಡನೆ ಗುರುತು.
ಗಾಜು ಒರೆಸಬೇಕಾದ್ದು ನಾನೇ.
ಸುತ್ತಲೂ ಒರೆಸಿದ್ದೇನೆ.